ಇಕೊಟ್ ಉದೊಬಿಯಾದ ಕ್ಷೌರಿಕ

ಇಕೊಟ್ ಉದೊಬಿಯಾ
11 ಫೆಬ್ರವರಿ 1997

ಚಿನ್ವೆಂಡು ಅವರಿಗೆ,

ಹೋದ ಭಾನುವಾರ ರೇಡಿಯೋ ಹಚ್ಚಿಕೊಂಡು ಅಡುಗೆಮನೆಯಲ್ಲಿ ಮೀನು ಶುಚಿ ಮಾಡುತ್ತಿದ್ದೆ. ಕಾಣೆಯಾದವರ ಪ್ರಕಟಣೆಯಲ್ಲಿ ನಿಮ್ಮ ಅಜ್ಜನ ಹೆಸರು ಬಂತು. ಉಡೆಂಬಾ, ಉಮುವೆಲು ಊರಿನವರು, ಅವ್ಗು ಪೇಟೆಯಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದವರು, ಬೇರೆ ದೇಶ ಬೇಕೆಂದು ನೈಜೀರಿಯಾದ ವಿರುದ್ಧ ಎದ್ದ ಬಿಯಾಫ್ರಾ ಸೈನ್ಯ ಸೇರಿದವರು, ಯುದ್ಧದ ಎರಡನೆಯ ವರ್ಷದಿಂದ ಸುದ್ದಿಯಿಲ್ಲ, ಎಡಗೈಯಲ್ಲಿ ಕತ್ತರಿ ಹಿಡಿಯುವವರು ಎಂದು ಹೇಳಿದರು. ಎಡಗೈ ಎನ್ನುವ ಮಾತು ಕಿವಿಗೆ ಬಿದ್ದಾಗ ನಾನು ಮೀನನ್ನು ಹಾಗೇ ಬಿಟ್ಟು ಎದ್ದು ನಿಂತೆ.

ನನ್ನ ಹೆಸರು ಆರಿತ್. ನಾವು ಇಬಿಬಿಯೊ ಜನ. ಆದರೆ ಅಬಾ ಪೇಟೆಯಲ್ಲಿ ಬಹಳ ವರ್ಷ ಬಟ್ಟೆ ಮಾರಿದವಳಾದ್ದರಿಂದ ನಿಮ್ಮ ಇಗ್ಬೊ ಭಾಷೆ ನನಗೆ ಬರುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ನಾನು ಒಂಬತ್ತು ವರ್ಷದ ಹುಡುಗಿ. ನಿಮ್ಮ ಅಜ್ಜ ಒಂದು ಮಳೆಗಾಲ ನಮ್ಮೂರಿನ ಶಾಲೆಯಲ್ಲಿ ಇದ್ದರು. ಜೊತೆಯ ಸಿಪಾಯಿಗಳು ಮುಂದೆ ಹೋದರು, ಇವರು ಉಳಿದುಕೊಂಡರು. ಆ ವರ್ಷ ಹಸಿವಿನಿಂದ ನಮ್ಮ ಮಕ್ಕಳ ಕೂದಲೆಲ್ಲ ಕೆಂಚಗಾಗಿ ಉದುರುತ್ತಿತ್ತು. ಅವರು ಶಾಲೆಯ ಜಗಲಿಯ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ, ಉಳಿದಿದ್ದ ಕೂದಲನ್ನೇ ಒಪ್ಪ ಮಾಡುತ್ತಿದ್ದರು. "ರಾಣಿ ಥರ ಕಾಣ್ತೀಯ, ಹೋಗು" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ನಾವು ರಾಣಿಯರಂತೆಯೇ ಮನೆಗೆ ನಡೆದು ಹೋಗುತ್ತಿದ್ದೆವು.

ಅವರ ಗೋರಿ ಶಾಲೆಯ ಹಿಂದೆ, ಮಾವಿನ ಮರದ ಕೆಳಗೆ ಇದೆ. ಇನ್ನು ಹುಡುಕುವ ಕಷ್ಟ ಬೇಡ. ನಿಮ್ಮ ಅಜ್ಜ ನಮ್ಮಲ್ಲಿ ಚೆನ್ನಾಗಿದ್ದಾರೆ. ಊರಿಗೆಲ್ಲ ಬೇಕಾದವರಾಗಿ ಇದ್ದಾರೆ.

ಆರಿತ್


ಉಮುವೆಲು
2 ಮಾರ್ಚ್ 1997

ಮಾನ್ಯ ಆರಿತ್ ಅವರಿಗೆ,

ನಿಮ್ಮ ಪತ್ರವನ್ನು ಅಂಗಳದಲ್ಲಿ ಎಲ್ಲರ ಮುಂದೆ ಓದಿದೆ. ಅಪ್ಪ ಟೋಪಿ ತೆಗೆದು ಮುಖ ಮುಚ್ಚಿಕೊಂಡು ಅತ್ತರು. ಅಜ್ಜಿ ಮಾತ್ರ ಎದ್ದು ಹೋಗಿ ಮರಗೆಣಸಿನ ಸಿಪ್ಪೆ ತೆಗೆಯುತ್ತಾ ಕೂತರು. "ಕೇಳಿಸ್ತಾ ಅಜ್ಜಿ?" ಅಂದೆ. "ಕೇಳಿಸ್ತು. ಗೆಣಸು ಯಾರು ಸುಲೀತಾರೆ, ಆ ರೇಡಿಯೋನಾ?" ಅಂದರು.

ನಮ್ಮ ಅಜ್ಜಿಯ ಹೆಸರು ಓಬಿದಿಯಾ. ಗಂಡ ಸತ್ತ ಹೆಂಗಸು ತಲೆ ಬೋಳಿಸಿಕೊಳ್ಳಬೇಕು ಎಂಬುದು ನಿಮಗೂ ಗೊತ್ತಿರುತ್ತದೆ. ಅಜ್ಜಿ ಇಷ್ಟು ವರ್ಷ ಒಪ್ಪಿಲ್ಲ. "ಹೆಣ ತೋರ್ಸಿ, ಆಮೇಲೆ ಕ್ಷೌರದ ಕತ್ತಿ ತನ್ನಿ" ಎಂದು ಮನೆತನದ ಹೆಣ್ಣುಮಕ್ಕಳನ್ನೆಲ್ಲ ವಾಪಸು ಕಳಿಸಿದವರು. ಅವರಿಗೆ ಅರವತ್ತು ದಾಟಿದೆ. ಕೂದಲು ಇವತ್ತಿಗೂ ಕಪ್ಪಗಿದೆ. ಬಣ್ಣ ಹಾಕುತ್ತಾರೆ ಎಂದು ಊರವರು ಆಡಿಕೊಳ್ಳುತ್ತಾರೆ. ಹಾಕುವುದಿಲ್ಲ, ನಾನು ನೋಡಿದ್ದೇನೆ.

ಅಪ್ಪನ ಕಷ್ಟ ಬೇರೆ. ತಂದೆಯನ್ನು ಮಣ್ಣು ಮಾಡದ ಮಗ ನಮ್ಮಲ್ಲಿ ಹಿರಿಯರ ಸಾಲಿನಲ್ಲಿ ಕೂರುವಂತಿಲ್ಲ. ಅಪ್ಪನಿಗಿಂತ ಚಿಕ್ಕವರು ಹಿರಿಯರಿಗೆ ಸಲ್ಲುವ ಕೋಲಾ ಕಾಯಿ ಒಡೆಯುವಾಗ ಅಪ್ಪ ಹಿಂದೆ ನಿಂತಿರುತ್ತಾರೆ.

ಅಜ್ಜ ಹೇಗೆ ತೀರಿಕೊಂಡರು? ಯಾರು ಮಣ್ಣು ಮಾಡಿದರು? ದಯವಿಟ್ಟು ಬರೆಯಿರಿ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಅಜ್ಜ "ಚೆನ್ನಾಗಿದ್ದಾರೆ" ಎಂದು ಬರೆದಿದ್ದೀರಿ. "ಇದ್ದರು" ಎಂದಾಗಬೇಕಿತ್ತು. ನಮ್ಮ ಭಾಷೆ ನಿಮ್ಮ ಮನೆಮಾತಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಅಪ್ಪ ಆ ಒಂದು ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು.

ಒಮ್ಮೆ ಬಂದು ನೋಡಿಕೊಂಡು ಹೋಗಬಹುದೇ?

ಚಿನ್ವೆಂಡು


ಇಕೊಟ್ ಉದೊಬಿಯಾ
23 ಮಾರ್ಚ್ 1997

ತಂಗಿ ಚಿನ್ವೆಂಡು,

ನೀನು ಟೀಚರ್ ಎಂದು ಬರೆಯದಿದ್ದರೂ ಗೊತ್ತಾಯಿತು. ಆದರೆ ನಾನು ತಪ್ಪು ಬರೆದಿಲ್ಲ. ಇದ್ದಾರೆ ಎಂದೇ ಬರೆದದ್ದು.

ನೈಜೀರಿಯಾ ಸೈನ್ಯ ನಮ್ಮೂರಿಗೆ ಬಂದ ದಿನ ನಾವೆಲ್ಲ ಹೊಳೆಯಾಚೆಯ ಜೌಗಿಗೆ ಓಡಿಹೋದೆವು. ಎದೆಮಟ್ಟ ನೀರಿನಲ್ಲಿ ನಿಂತು ಗುಂಡಿನ ಸದ್ದು ಕೇಳಿದೆವು. ಸದ್ದು ಪೂರ್ತಿ ನಿಂತ ಮೇಲೆ, ಎರಡು ದಿನ ಕಳೆದು, ವಾಪಸು ಬಂದಾಗ ಶಾಲೆ ಖಾಲಿ. ಮಾವಿನ ಮರದ ಕೆಳಗೆ ಹೊಸ ಮಣ್ಣಿನ ದಿಬ್ಬ ಇತ್ತು. ತಲೆಯ ಕಡೆ ಕತ್ತರಿ ನೆಟ್ಟಿತ್ತು. ನಮ್ಮಮ್ಮ ಅಲ್ಲೇ ಕುಸಿದು ಕೂತು, "ಅಯ್ಯೋ, ನಮ್ ಕ್ಷೌರದೋರು" ಎಂದು ಅತ್ತಳು. ಅವರ ಸಾವಿನ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ.

ಆಮೇಲಿನದನ್ನು ನೀನು ನಂಬದಿದ್ದರೂ ಚಿಂತೆಯಿಲ್ಲ. ಬಿಸಿಲು ನೆತ್ತಿಗೇರಿದಾಗ ಸಣ್ಣ ಮಕ್ಕಳು ಶಾಲೆಯ ಜಗಲಿಯ ಮೇಲೆ ಮಲಗುತ್ತವೆ. ಆಗ ಕತ್ತರಿಯ ಸದ್ದು ಕೇಳಿಸುತ್ತದೆ. ಚಕ್ ಚಕ್, ಸ್ವಲ್ಪ ತಡೆದು, ಮತ್ತೆ ಚಕ್. ಯಾರೂ ಕಾಣುವುದಿಲ್ಲ. ಎದ್ದ ಮಗುವಿನ ಹಿಂದಲೆಯ ಕೂದಲು ಒಪ್ಪವಾಗಿ ಕತ್ತರಿಸಿರುತ್ತದೆ, ಜಗಲಿಯ ಮೇಲೆ ಚೂರು ಕೂದಲು ಬಿದ್ದಿರುತ್ತದೆ. ದಿನವೂ ಅಲ್ಲ, ಎಲ್ಲ ಮಕ್ಕಳಿಗೂ ಅಲ್ಲ. ಹೆಚ್ಚಾಗಿ ಸೊರಗಿದ ಮಕ್ಕಳಿಗೆ. ನನ್ನ ಎರಡನೆಯ ಮಗ ಹುಟ್ಟಿನಿಂದ ಬಡಕಲು. ಅವನಿಗೆ ಮೂರು ಸಲ ಆಗಿದೆ. ಆದ ಮೇಲೆ ಅವನು ಅನ್ನ ಕೇಳಿ ಉಂಡ.

ಹೊಸಬರು ಹೆದರುತ್ತಾರೆ. ಬೇರೆ ಊರಿಂದ ಬಂದ ಮೇಷ್ಟರೊಬ್ಬರು ಅರ್ಧ ಪಾಠ ಬಿಟ್ಟು ಬ್ಯಾಗ್ ಸಮೇತ ಓಡಿಹೋದರು. ನಾವು ಹೆದರುವುದಿಲ್ಲ.

ಬಾ. ಅಜ್ಜಿಯನ್ನೂ ಕರೆದುಕೊಂಡು ಬಾ. ಅವರ ವಿಷಯವನ್ನು ನಿಮ್ಮ ಅಜ್ಜನ ಬಾಯಲ್ಲಿ ನಾವು ಬಹಳ ಕೇಳಿದ್ದೇವೆ. "ನನ್ ತಲೇಗೆ ಕತ್ತರಿ ಹಾಕೋಕೆ ಲೋಕದಲ್ಲಿ ಒಬ್ಳಿಗೇ ಬರೋದು, ಅವ್ಳು ಮನೇಲಿದಾಳೆ. ಅದ್ಕೇ ನಾನು ಹೀಗೆ ಕರಡಿ ಥರ ಇದೀನಿ" ಎಂದು ನಗುತ್ತಿದ್ದರು.

ನಿನ್ನ ಅಕ್ಕ
ಆರಿತ್


ಉಮುವೆಲು
19 ಏಪ್ರಿಲ್ 1997

ಆರಿತ್ ಅಕ್ಕನಿಗೆ,

ನಿಮ್ಮ ಪತ್ರದ ಆ ಭಾಗವನ್ನು ಅಪ್ಪನಿಗೆ ಓದಲಿಲ್ಲ. ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ಹಸಿವು, ಸಾವು ಕಂಡ ಊರಿನಲ್ಲಿ ಇಂಥ ಮಾತು ಹುಟ್ಟುವುದು ಸಹಜ ಎಂದುಕೊಂಡೆ. ಮಕ್ಕಳ ಕೂದಲನ್ನು ಅವರ ಅಕ್ಕಂದಿರು ತಮಾಷೆಗೆ ಕತ್ತರಿಸುತ್ತಿರಬಹುದು.

ಹೀಗೆ ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡಿದ್ದೇನೆ. ನಿಮಗೆ ಒಂದು ವಿಷಯ ಹೇಳಿರಲಿಲ್ಲ.

ಹೊಸ ವರ್ಷದಿಂದ ನಮ್ಮ ಮನೆಯ ಗೇಟಿನ ಹೊರಗೆ, ದೀಪ ಹಚ್ಚುವ ಹೊತ್ತಿಗೆ, ಯಾರೋ ಕೆಮ್ಮುತ್ತಾರೆ. ಒಳಗೆ ಬರಬಹುದೇ ಎಂದು ಕೇಳುವ ಮುಂಚೆ ಕೆಮ್ಮುತ್ತಾರಲ್ಲ, ಆ ಥರ. ಅಪ್ಪ ಹೋಗಿ ಗೇಟು ತೆಗೆಯುತ್ತಾರೆ. ಯಾರೂ ಇರುವುದಿಲ್ಲ. ನಮ್ಮ ನಾಯಿ ಬೊಗಳುವುದಿಲ್ಲ, ಅಡುಗೆಮನೆ ಸೇರಿ ಸೌದೆಯ ಹಿಂದೆ ಮಲಗುತ್ತದೆ. ರೇಡಿಯೋಗೆ ಬರೆಯಲು ಅಪ್ಪ ನನಗೆ ಹೇಳಿದ್ದು ಅದಕ್ಕೇ. "ನಮ್ಮಪ್ಪ ಬಂದಿದಾರೆ. ಮಣ್ಣಾಗದೆ ಒಳಗೆ ಬರೋ ಹಾಗಿಲ್ಲ, ಅಲ್ಲೇ ನಿಂತಿದಾರೆ" ಎಂದು ಅವರ ನಂಬಿಕೆ.

ಅಜ್ಜಿಗೂ ಆ ಕೆಮ್ಮು ಕೇಳಿಸುತ್ತದೆ. ಆದರೆ ಅವರು ಒಪ್ಪುವುದಿಲ್ಲ. "ಅದು ಸಂಕೋಚದೋರ ಕೆಮ್ಮು. ನಿಮ್ಮಪ್ಪಂಗೆ ಸಂಕೋಚ ಯಾವತ್ತಿತ್ತು? ಬೀದಿ ಆ ತುದೀಲಿರೋವಾಗ್ಲೇ ಊಟ ಏನು ಅಂತ ಕೂಗ್ತಾ ಬರೋರು" ಎಂದು ಅಪ್ಪನನ್ನು ಬೈಯುತ್ತಾರೆ.

ಮೇ ಮೊದಲ ವಾರ ಅಪ್ಪ, ಅಜ್ಜಿ, ನಾನು ಬರುತ್ತೇವೆ. ಒಂದು ವ್ಯಾನ್ ಗೊತ್ತು ಮಾಡಿದ್ದೇವೆ. ನಿಮ್ಮ ಊರ ಮುಖ್ಯಸ್ಥರಿಗೆ ಅಪ್ಪ ಬೇರೆಯಾಗಿ ಬರೆಸಿದ್ದಾರೆ.

ಚಿನ್ವೆಂಡು


ಇಕೊಟ್ ಉದೊಬಿಯಾ
18 ಮೇ 1997

ಚಿನ್ವೆಂಡು,

ನೋಡಿಕೊಂಡು ಹೋಗುತ್ತೇವೆ ಎಂದಿದ್ದೆ ನೀನು. ವ್ಯಾನಿನಲ್ಲಿ ಗುದ್ದಲಿ ಇತ್ತು, ಬಿಳಿ ಬಟ್ಟೆ ಇತ್ತು, ಪೆಟ್ಟಿಗೆ ಇತ್ತು.

ನಾನು ಹಿಂದಿನ ದಿನವೇ ಸೊಪ್ಪು ಕುಯ್ದು, ಬಸವನಹುಳು ತೊಳೆದು, ನಿಮಗೆಂದು ಸಾರು ಮಾಡಿದ್ದೆ. ನೀವು ಉಂಡಿರಿ. ನಿಮ್ಮಪ್ಪ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಕೈ ತೊಳೆದು, ಶಾಲೆಯ ಹಿಂದೆ ಹೋಗಿ ಅಗೆಯಲು ನಿಂತರು. ಊರ ಮುಖ್ಯಸ್ಥರು, "ಅವ್ರ ರಕ್ತ, ಅವ್ರ ಹಕ್ಕು, ನಾವು ಅಡ್ಡ ಬರೋ ಹಾಗಿಲ್ಲ" ಎಂದರು. ನಿಮ್ಮಪ್ಪ ಬರೆಸಿದ್ದು ಏನೆಂದು ಅವರಿಗೆ ಮೊದಲೇ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ನೀನು ನನ್ನ ಮುಖ ನೋಡಲಿಲ್ಲ.

ನೀನು ವ್ಯಾನಿನ ಹತ್ತಿರ ಹೋಗಿ ಆ ಕಡೆ ತಿರುಗಿ ನಿಂತಿದ್ದೆ. ಹಾಗಾಗಿ ನಾನು ಕಂಡದ್ದನ್ನು ಬರೆಯುತ್ತೇನೆ. ಮೂಳೆಗಳು ಕೆಂಪು ಮಣ್ಣಿನ ಬಣ್ಣಕ್ಕೇ ತಿರುಗಿದ್ದವು. ಎಡಗಾಲಿನ ಮೂಳೆ ಮುರಿದಿತ್ತು. ನಿಮ್ಮಪ್ಪ ಅದನ್ನು ಹಿಡಿದು, "ನೋಡ್ರಿ, ನಮ್ಮಪ್ಪಂಗೆ ಗುಂಡು ಹೊಡ್ದಿದಾರೆ" ಎಂದು ಅತ್ತರು. ತಲೆಯನ್ನು ಎತ್ತಿ ನಿಮ್ಮಜ್ಜಿಯ ಮಡಿಲಿಗೆ ಕೊಟ್ಟರು. ಅವರು ಸೆರಗಿನಿಂದ ಮಣ್ಣು ಒರೆಸಿದರು. ಆಮೇಲೆ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ, ಎಣ್ಣೆ ಹಚ್ಚುವ ಹಾಗೆ, ಹಣೆಯಿಂದ ಹಿಂದಕ್ಕೆ ಸವರಿದರು. ಕಿವಿಯ ಹಿಂದಿನ ಜಾಗದಲ್ಲಿ ಅವರ ಬೆರಳು ಬಹಳ ಹೊತ್ತು ನಿಂತಿತು. ಮಾವಿನ ಮರದಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ. ನಿಮ್ಮಪ್ಪ ಮಂಡಿಯೂರಿ ಅವರ ಬಾಯನ್ನೇ ನೋಡುತ್ತಿದ್ದರು. "ಇವ್ರೇ" ಅಂದರು ನಿಮ್ಮಜ್ಜಿ. ಅಷ್ಟೇ.

ನೀವು ಹೋದ ಮೇಲೆ ಆ ಗುಂಡಿ ಮುಚ್ಚಲು ಯಾರಿಗೂ ಕೈ ಬರಲಿಲ್ಲ. ಮಧ್ಯಾಹ್ನ ಮಕ್ಕಳು ಜಗಲಿಯ ಮೇಲೆ ಮಲಗುತ್ತವೆ. ಸದ್ದಿಲ್ಲ. ತಾಯಂದಿರು ಬಂದು ಹಿಂದಲೆ ಮುಟ್ಟಿ ನೋಡಿ ಎತ್ತಿಕೊಂಡು ಹೋಗುತ್ತಾರೆ. ನನ್ನ ಮಗ ಮತ್ತೆ ಊಟ ಬಿಟ್ಟಿದ್ದಾನೆ.

ನಿಮ್ಮ ರಕ್ತ, ನಿಮ್ಮ ಹಕ್ಕು. ಆದರೆ ಮೊದಲೇ ಹೇಳಬಹುದಿತ್ತು.

ಆರಿತ್


ಉಮುವೆಲು
10 ಜೂನ್ 1997

ಆರಿತ್ ಅಕ್ಕನಿಗೆ,

ಹೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ. ಅದಕ್ಕೇ ಹೇಳಲಿಲ್ಲ. ಸಾರು ಬಡಿಸುವಾಗ ನೀವು ಪಾತ್ರೆಯ ತಳದಲ್ಲಿದ್ದ ಮೀನಿನ ತುಂಡು ಹುಡುಕಿ ನನ್ನ ತಟ್ಟೆಗೆ ಹಾಕಿದಿರಿ. ಅದು ಇನ್ನೂ ಗಂಟಲಲ್ಲೇ ಇದೆ.

ಇಲ್ಲಿ ಎಲ್ಲ ಸರಿಹೋಯಿತು. ಅಜ್ಜನನ್ನು ಮನೆಯ ಅಂಗಳದಲ್ಲೇ ಮಣ್ಣು ಮಾಡಿದೆವು. ಕೋವಿ ಹಾರಿಸಿದರು, ಮೂರು ಹಳ್ಳಿಯ ಜನ ಬಂದು ಕುಣಿದರು. ಅಪ್ಪ ಮೊದಲ ಸಲ ಹಿರಿಯರ ಸಾಲಿನಲ್ಲಿ ಕೂತು ಕೋಲಾ ಕಾಯಿ ಒಡೆದರು. ಆ ಸಂಜೆಯಿಂದ ಗೇಟಿನ ಹೊರಗಿನ ಕೆಮ್ಮು ನಿಂತಿದೆ. ನಾಯಿ ಮತ್ತೆ ಅಂಗಳದಲ್ಲಿ, ಗೋರಿಯ ಪಕ್ಕದಲ್ಲೇ, ಮಲಗುತ್ತದೆ. ಈಗ ನೀವೇ ಹೇಳಿ, ಕೆಮ್ಮುತ್ತಿದ್ದದ್ದು ಅಜ್ಜನೇ ಅಲ್ಲವೇ?

ಮನೆತನದ ಹೆಣ್ಣುಮಕ್ಕಳು ಅಜ್ಜಿಯ ತಲೆ ಬೋಳಿಸಿದರು. ಅಜ್ಜಿ ಎದುರಾಡಲಿಲ್ಲ. ಕಪ್ಪು ಕೂದಲು ರಾಶಿಯಾಗಿ ಬಿತ್ತು. ಮಧ್ಯದಲ್ಲಿ ಒಮ್ಮೆ ತಲೆಯೆತ್ತಿ, "ಯಾರಿಗೆ ಅಳ್ತಿದೀರಿ ನೀವೆಲ್ಲ, ಹೆಸ್ರು ಗೊತ್ತಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ದುಃಖದಲ್ಲೂ ಅಜ್ಜಿಯ ನಾಲಿಗೆ ಮೊಂಡಾಗಿಲ್ಲ ಎಂದುಕೊಂಡೆವು.

ನಿಮ್ಮ ಮಗನಿಗೆ ಹೇಗಿದೆ? ಆಸ್ಪತ್ರೆಗೆ ತೋರಿಸಿ. ಇದು ಟೀಚರ್ ಮಾತಲ್ಲ, ತಂಗಿಯ ಮಾತು.

ಚಿನ್ವೆಂಡು


ಇಕೊಟ್ ಉದೊಬಿಯಾ
27 ಜುಲೈ 1997

ತಂಗಿ,

ಕತ್ತರಿಯ ಸದ್ದು ಮತ್ತೆ ಬಂದಿದೆ.

ಹೋದ ಗುರುವಾರ ಮಧ್ಯಾಹ್ನ. ಮಳೆ ಬಿಡುವು ಕೊಟ್ಟಿತ್ತು. ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು ಬಟಾಣಿ ಆರಿಸುತ್ತಿದ್ದೆ. ಮಗ ಹಿಂದೆ ಮಲಗಿದ್ದ. ಮೊದಲು ಜೀರುಂಡೆ ಅಂದುಕೊಂಡೆ. ಚಕ್ ಚಕ್, ತಡೆದು, ಚಕ್. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ನಿಂತುಹೋಗುತ್ತದೆ ಎಂದು ನಮಗೆ ಚಿಕ್ಕಂದಿನಿಂದ ಗೊತ್ತು. ಸದ್ದು ನಿಂತ ಮೇಲೆ ಹೋಗಿ ಮುಟ್ಟಿದೆ. ಹಿಂದಲೆ ಒಪ್ಪವಾಗಿತ್ತು. ಎಡಗೈಯವರು ಕತ್ತರಿಸಿದರೆ ಬರುವ ಆ ಓರೆಯೂ ಇತ್ತು. ಹುಡುಗ ಎದ್ದು, "ಅಮ್ಮ, ಹಸಿವು" ಅಂದ.

ನಾನು ಸಂತೋಷಪಟ್ಟೆ. ಆಮೇಲೆ ಹೆದರಿಕೆಯಾಯಿತು. ಹುಟ್ಟಿದಾಗಿನಿಂದ ಮೊದಲ ಸಲ ಆ ಸದ್ದಿಗೆ ಹೆದರಿದೆ. ಯಾಕೆಂದು ಹೇಳುತ್ತೇನೆ.

ಆ ಮಳೆಗಾಲ ಶಾಲೆಯಲ್ಲಿ ಇದ್ದವರು ಇಬ್ಬರು. ನಿಮ್ಮ ಅಜ್ಜ, ಮತ್ತೆ ಕಾಲಿಗೆ ಗುಂಡು ತಗುಲಿದ ಇನ್ನೊಬ್ಬ. ಅಜ್ಜನೇ ಅವನನ್ನು ಎಲ್ಲಿಂದಲೋ ಹೊತ್ತು ತಂದಿದ್ದರು. ಮೈಮೇಲೆ ಅಂಗಿ ಇರಲಿಲ್ಲ, ಯಾವ ಸೈನ್ಯದವನೋ ತಿಳಿಯಲಿಲ್ಲ. ಜ್ವರದಲ್ಲಿ ಮುಲುಗುವುದು ಬಿಟ್ಟರೆ ಮಾತಿರಲಿಲ್ಲ. "ಯಾರಿವ್ನು?" ಎಂದು ನಮ್ಮಮ್ಮ ಕೇಳಿದ್ದಳು. "ಗಡ್ಡ ಬೆಳ್ದಿದೆ. ನಂಗೆ ಅಷ್ಟೇ ಗೊತ್ತು ತಾಯಿ" ಅಂದಿದ್ದರಂತೆ ಅಜ್ಜ. ಜೊತೆಯವರು ಮುಂದೆ ಹೋದಾಗ ಅವರು ಉಳಿದದ್ದು ಅವನಿಗಾಗಿ.

ಜೌಗಿನಿಂದ ನಾವು ವಾಪಸು ಬಂದಾಗ ಇಬ್ಬರೂ ಇರಲಿಲ್ಲ. ಗೋರಿ ಒಂದೇ. ಯಾರೋ ಅಗೆದು, ಯಾರೋ ಹೂತು, ಯಾರೋ ಕತ್ತರಿ ನೆಟ್ಟಿದ್ದರು. ಹೂತವನು ಯಾರು ಎಂದು ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಕ್ಷೌರದವರು ನಮ್ಮನ್ನು ಬಿಟ್ಟು ಹೋಗಿಲ್ಲ ಎಂಬುದಷ್ಟೇ ನಮಗೆ ಬೇಕಾಗಿತ್ತು. ನಾನೂ ಕೇಳಲಿಲ್ಲ. ನಿನಗೂ ಬರೆಯಲಿಲ್ಲ.

ಕಾಲಿನ ಮೂಳೆ ಮುರಿದಿತ್ತಲ್ಲ ತಂಗಿ. ಗುಂಡು ತಗುಲಿದ್ದು ನಿಮ್ಮ ಅಜ್ಜನಿಗಲ್ಲ.

ನೀವು ಮನೆಗೆ ಕರೆದುಕೊಂಡು ಹೋದದ್ದು ಯಾರನ್ನ?

ಆರಿತ್


ಉಮುವೆಲು
9 ಆಗಸ್ಟ್ 1997

ಆರಿತ್ ಅವರಿಗೆ,

ನಿಮ್ಮ ಪತ್ರವನ್ನು ಒಲೆಗೆ ಹಾಕಿದ್ದೇನೆ. ಅಜ್ಜಿ ಕೈಯಾರೆ ಮುಟ್ಟಿ ಗುರುತು ಹಿಡಿದಿದ್ದಾರೆ. ಅಪ್ಪನಿಗೆ ಬರುವ ವರ್ಷ ಊರ ಹಿರಿಯರು ಗೌರವದ ಪದವಿ ಕೊಡುತ್ತಾರೆ. ಗೋರಿ ಕಳೆದುಕೊಂಡ ಸಿಟ್ಟಿಗೆ ನೀವು ಇದನ್ನು ಬರೆದಿದ್ದೀರಿ ಎಂದು ತಿಳಿಯುತ್ತೇನೆ.

ದಯವಿಟ್ಟು ಇನ್ನು ಬರೆಯಬೇಡಿ.

ಚಿನ್ವೆಂಡು


ಉಮುವೆಲು
16 ನವೆಂಬರ್ 1997

ಆರಿತ್ ಅಕ್ಕ,

ನೀವು ನಿಜಕ್ಕೂ ಬರೆಯುವುದು ನಿಲ್ಲಿಸಿದಿರಿ. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಪೋಸ್ಟಿನವನು ಬಂದಾಗಲೆಲ್ಲ ಗೇಟಿನವರೆಗೆ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿದ್ದೆ. ಅಜ್ಜಿ ಅದನ್ನು ನೋಡುತ್ತಿದ್ದರು.

ಮೊನ್ನೆ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕೂದಲು ಚಿಗುರಿದೆ. ಪೂರ್ತಿ ಬಿಳಿ. ಅಜ್ಜಿ ತಟ್ಟನೆ, "ಆ ಸಾರು ಮಾಡಿದ್ ಹುಡ್ಗಿ ಏನ್ ಬರೆದ್ಲು?" ಎಂದು ಕೇಳಿದರು. ಏನಿಲ್ಲ ಅಂದೆ. "ಒಲೆಗ್ ಹಾಕೋ ಅಂಥದ್ದು ಏನೋ ಬರ್ದಿದಾಳೆ. ಹೇಳು" ಅಂದರು. ಹೇಳಿದೆ. ಇಬ್ಬರು ಸಿಪಾಯಿಗಳು, ಒಂದು ಗೋರಿ, ಮತ್ತೆ ಬಂದ ಸದ್ದು, ಎಲ್ಲ.

ಅಜ್ಜಿ ಬೆಚ್ಚಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಿಮ್ಮಜ್ಜಂಗೆ ಬಲಗಿವಿ ಹಿಂದೆ ಒಂದು ಗುಳಿ ಇತ್ತು. ಚಿಕ್ಕೋರಿದ್ದಾಗ ತಾಳೆ ಮರದಿಂದ ಬಿದ್ದಿದ್ದು. ಕಟಿಂಗ್ ಮಾಡೋವಾಗ ನನ್ ಬೆರಳು ಹೋಗಿ ಅಲ್ಲೇ ಕೂರೋದು. ಆ ತಲೇಲಿ ಅದಿರ್ಲಿಲ್ಲ ಕಣೇ. ನುಣ್ಣಗಿತ್ತು."

"ಮತ್ತೆ ಇವ್ರೇ ಅಂದ್ರಲ್ಲ ಅಜ್ಜಿ?"

"ನಿಮ್ಮಪ್ಪ ಮಣ್ಣಲ್ಲಿ ಮಂಡಿ ಊರ್ಕೊಂಡು ನನ್ ಬಾಯಿ ನೋಡ್ತಿದ್ದ. ಚಿಕ್ ಹುಡ್ಗನ ಥರ. ಅಲ್ಲ ಅನ್ನೋಕೆ ನಾಲ್ಗೆ ಏಳ್ಲಿಲ್ಲ. ಅದೂ ಅಲ್ದೆ, ಆ ತಲೆ ನನ್ ಮಡ್ಲಿಗೆ ಬಂದ್ಬಿಟ್ಟಿತ್ತು. ಅದನ್ನೂ ಯಾರೋ ಒಬ್ಳು ಬಾಚಿರ್ತಾಳೆ. ಮಡ್ಲಿಗೆ ಬಂದದ್ದನ್ನ ಮತ್ತೆ ಗುಂಡಿಗೆ ಹಾಕಿ ಅಂತ ಹೆಂಗೆ ಹೇಳ್ಲಿ?"

ಅಕ್ಕ, ಆವತ್ತಿನಿಂದ ನಾನು ಅಂಗಳದ ಆ ಮೂಲೆಗೆ ಹೋಗಿಲ್ಲ. ಅಲ್ಲಿ ಮಲಗಿರುವವರು ಯಾರೋ ನಮಗೆ ಗೊತ್ತಿಲ್ಲ. ಆದರೆ ಗೇಟಿನ ಕೆಮ್ಮು ನಿಂತದ್ದು ಅವರನ್ನು ಒಳಗೆ ತಂದ ಮೇಲೆಯೇ. ಹಾಗಾದರೆ ಅಷ್ಟು ತಿಂಗಳು ನಮ್ಮ ಗೇಟಿನ ಹೊರಗೆ ನಿಂತಿದ್ದವರು ಅವರೇ. ರೇಡಿಯೋಗೆ ಬರೆಯುವ ಮೊದಲೇ, ನಿಮ್ಮ ಹೆಸರು ನಾನು ಕೇಳುವ ಮೊದಲೇ, ಅವರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಬೇರೆ ಮನೆ ಅವರಿಗೆ ಗೊತ್ತಿರಲಿಲ್ಲವೋ ಏನೋ. ಅಜ್ಜ ಜ್ವರದವನ ತಲೆಯ ಹತ್ತಿರ ಕೂತು ನಮ್ಮ ಮನೆಯ ಮಾತನ್ನೇ ಆಡಿರಬೇಕು.

ಅಜ್ಜಿ ನಿಮ್ಮಲ್ಲಿಗೆ ಬರುತ್ತಾರಂತೆ. ಶೋಕದ ವರ್ಷ ಮುಗಿಯದೆ ವಿಧವೆ ಊರು ದಾಟಬಾರದು ಅಂದೆ. "ಯಾರ್ ಶೋಕ?" ಅಂದರು. ಅಪ್ಪನಿಗೆ ಏನೂ ಗೊತ್ತಿಲ್ಲ, ಕಾಲುನೋವಿಗೆ ಔಷಧಿ ತರಲು ಹೋಗುತ್ತಾರೆ ಎಂದಿದ್ದೇನೆ. ಶುಕ್ರವಾರದ ಬಸ್ಸಿಗೆ ಹತ್ತಿಸುತ್ತೇನೆ. ಆಗಸ್ಟಿನ ನನ್ನ ಪತ್ರವನ್ನು ಮರೆತು ಅವರನ್ನು ಇಳಿಸಿಕೊಳ್ಳಿ.

ಚಿನ್ವೆಂಡು


ಇಕೊಟ್ ಉದೊಬಿಯಾ
4 ಜನವರಿ 1998

ತಂಗಿ ಚಿನ್ವೆಂಡು,

ಅಜ್ಜಿ ಬಂದ ದಿನವೇ ಕಾರ್ಡು ಹಾಕಬೇಕಿತ್ತು. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ.

ಮೊದಲ ದಿನದಿಂದ ಅವರು ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಮಕ್ಕಳ ನಡುವೆ ಕೂರುತ್ತಿದ್ದರು. ಸದ್ದು ಬರುತ್ತಿತ್ತು. ಮಕ್ಕಳಿಗೆ ಕೇಳಿಸುತ್ತಿತ್ತು, ನನಗೆ ಕೇಳಿಸುತ್ತಿತ್ತು. ಅವರಿಗೆ ಇಲ್ಲ. "ಎಲ್ಲಿ? ಎಲ್ಲಿದೆ?" ಎಂದು ತಲೆ ತಿರುಗಿಸಿದರೆ ಸದ್ದು ನಿಂತುಬಿಡುತ್ತಿತ್ತು. ತಿರುಗಬೇಡಿ ಅಮ್ಮ ಎಂದು ಎಷ್ಟು ಹೇಳಿದರೂ ತಡೆಯಲಾರರು. ಆಮೇಲೆ ಬರಿ ಗಾಳಿಯನ್ನು ಬೈಯುತ್ತಿದ್ದರು. "ಊರ್ ಮಕ್ಕಳ ತಲೆ ಎಲ್ಲ ಕಾಣತ್ತೆ, ನನ್ ತಲೆ ಕಾಣಲ್ಲ ಅಲ್ವಾ? ನಾನೇ ಬರ್ಬೇಕಾಯ್ತು. ನಿಮ್ಗೆ ಬರೋಕೇನಾಗಿತ್ತು?" ಹೆಂಗಸರು ಬಾವಿಯ ಹತ್ತಿರ ನಿಂತು ಕೇಳಿ, ನಗಲಾರದೆ ಅಳಲಾರದೆ ಹೋಗುತ್ತಿದ್ದರು.

ಕ್ರಿಸ್ಮಸ್ ಕಳೆದ ಮೇಲೆ ಮರಳುಗಾಡಿನ ಒಣಗಾಳಿ ಶುರುವಾಯಿತು. ಎಲ್ಲೆಲ್ಲೂ ಮಸುಕು ಧೂಳು. ಅವರು ಬಯ್ದು ಬಯ್ದು ದಣಿದು, ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದರು. ನಾನು ಶಾಲೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಸದ್ದು ಬಂತು. ಆವತ್ತು ತಡೆತಡೆದು ಅಲ್ಲ, ಬಹಳ ಹೊತ್ತು, ಮೆಲ್ಲಗೆ. ಮಲಗಿದ್ದ ಒಂದು ಮಗುವೂ ಹೊರಳಲಿಲ್ಲ.

ಎದ್ದು ಕುತ್ತಿಗೆ ಮುಟ್ಟಿಕೊಂಡರು. ಭುಜದ ಮೇಲೆ ಬಿಳಿ ಕೂದಲಿನ ಚೂರು. ಒಂದೊಂದನ್ನೇ ಆರಿಸಿ ಅಂಗೈಯಲ್ಲಿಟ್ಟುಕೊಂಡು, "ಒಂದ್ ಕಡೆ ಜಾಸ್ತಿ ತೆಗ್ದಿದಾರೆ. ಮೊದ್ಲಿಂದ್ಲೂ ಇದೇ ಗೋಳು" ಅಂದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಸಂಜೆಯವರೆಗೂ ಕೈ ಬಿಡಲಿಲ್ಲ. ಕೈ ತಣ್ಣಗಿತ್ತು.

ಈಗ ವಾಪಸು ಬರುವ ಮಾತೇ ಇಲ್ಲ. ನನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಬೆಳಗ್ಗೆ ನನ್ನ ಜೊತೆ ಸಂತೆಗೆ ಬಂದು, ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಎಲ್ಲರನ್ನೂ ಗೋಳಾಡಿಸುತ್ತಾರೆ. ಆದರೆ ನಿಮ್ಮಪ್ಪ ಬಂದು ಬಾಗಿಲಲ್ಲಿ ನಿಂತರೆ ನಾನು ಏನು ಹೇಳಲಿ?

ಆರಿತ್


ಉಮುವೆಲು
20 ಏಪ್ರಿಲ್ 1998

ಆರಿತ್ ಅಕ್ಕ,

ಅಪ್ಪ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಅವರಿಗೆ ಎಲ್ಲವನ್ನೂ ಹೇಳಿದೆ. ಪದವಿಗೆಂದು ಹೊಲಿಸಿದ್ದ ಅಂಗಿ ಹಾಕಿ ನೋಡುತ್ತಿದ್ದರು, ಹಾಗೇ ಮಂಚದ ಮೇಲೆ ಕೂತರು. ಅಂಗಿಯ ಗುಂಡಿ ಬಿಚ್ಚುತ್ತಾ, "ಗೇಟು ತೆಗ್ದಿದ್ದು ನಾನೇ. ಒಳಗ್ ಬಂದೋರ್ನ ಹೊರಗೆ ಹಾಕೋನಲ್ಲ ನಾನು" ಅಂದರು. ಹಿರಿಯರ ಮುಂದೆ ಹೋಗಿ ಇದ್ದದ್ದು ಇದ್ದಂತೆ ಹೇಳಿ, ಪದವಿ ಬೇಡ ಎಂದು ಬಂದರು. ಈಗ ಮತ್ತೆ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಅಜ್ಜಿಯ ಸುದ್ದಿ ಬಂದರೆ ಮಾತ್ರ ಪತ್ರವನ್ನು ತಾವೇ ಇಟ್ಟುಕೊಳ್ಳುತ್ತಾರೆ, ಓದಲು ಬಾರದಿದ್ದರೂ.

ಫೆಬ್ರವರಿಯಲ್ಲಿ ಅಪ್ಪನೇ ಹೇಳಿ ನನ್ನಿಂದ ರೇಡಿಯೋಗೆ ಇನ್ನೊಂದು ಪ್ರಕಟಣೆ ಬರೆಸಿದರು. ಯುದ್ಧದ ಕಾಲದ ಒಬ್ಬ ಸಿಪಾಯಿ, ಯಾವ ಕಡೆಯವರೋ ತಿಳಿಯದು, ಎತ್ತರದ ಆಳು, ಎಡಗಾಲಿಗೆ ಗುಂಡು ತಗುಲಿತ್ತು, ನಮ್ಮ ಮನೆಯಲ್ಲಿ ಮಲಗಿದ್ದಾರೆ, ಅವರ ಕಡೆಯವರಿದ್ದರೆ ಬನ್ನಿ ಎಂದು.

ಮಾರ್ಚಿನಲ್ಲಿ ಮಕುರ್ಡಿಯ ಕಡೆಯಿಂದ ಒಬ್ಬ ಮುದುಕಿ ಬಂದರು. ಹೆಸರು ದೂಸೂರ್, ತಿವ್ ಜನ. ಮಗ ನೈಜೀರಿಯಾ ಸೈನ್ಯದಲ್ಲಿದ್ದನಂತೆ. ಕಣ್ಣು ಮಂಜು, ಸೊಸೆ ಕೈ ಹಿಡಿದುಕೊಂಡು ಬಂದಿದ್ದಳು. ಎಷ್ಟು ಎತ್ತರ, ಯಾವ ಕಾಲು ಎಂದು ನಾವು ಹೇಳಲು ಹೊರಟರೆ ಅವರು ಕೇಳಿಸಿಕೊಳ್ಳಲಿಲ್ಲ. ಗೋರಿಯ ಪಕ್ಕ ಮಲಗಿ ಮಣ್ಣಿಗೆ ಕೆನ್ನೆ ಇಟ್ಟರು. ಎದ್ದಾಗ, "ಇವ್ನೇ ನನ್ ಮಗ" ಅಂದರು. ಮೂಳೆ ಕೊಂಡೊಯ್ಯುತ್ತೀರಾ ಎಂದು ಅಪ್ಪ ಕೇಳಿದರು. "ಬೇಡ. ನಿದ್ದೆ ಮಾಡ್ತಿದಾನೆ" ಅಂದರು. ಊರಿನಲ್ಲಿ ಬೆಳೆದ ಎಳ್ಳನ್ನು ಒಂದು ಸೋರೆಬುರುಡೆಯಲ್ಲಿ ತಂದಿದ್ದರು. ಅದನ್ನು ತಲೆಯ ಕಡೆ ಇಟ್ಟು, ಹಗುರಾಗಿ ನಡೆದು ಹೋದರು.

ಹೋದ ವಾರ ಇಡಾ ಊರಿನಿಂದ ಒಬ್ಬ ಹಿರಿಯರು ಬಂದರು. ಅಮೇದು ಎಂದು ಹೆಸರು, ಇಗಾಲಾ ಜನ. ಅಣ್ಣ ಬಿಯಾಫ್ರಾ ಸೈನ್ಯ ಸೇರಿದ್ದನಂತೆ, ಅದಕ್ಕೆ ಮನೆಯವರು ಅವನ ಹೆಸರೆತ್ತುವುದನ್ನೇ ಬಿಟ್ಟಿದ್ದರಂತೆ. ಅವರೂ ಏನೂ ಕೇಳಲಿಲ್ಲ. ಗೋರಿಯ ಸುತ್ತ ಒಂದು ಸುತ್ತು ಬಂದು, ಕೂತು, ಮಣ್ಣಿನ ಮೇಲೆ ಕೈಯಿಟ್ಟು, "ಸಿಕ್ಕಿದ್ಯಲ್ಲ ಮಾರಾಯ" ಎಂದು ಅಣ್ಣನ ಜೊತೆ ಮಾತಿಗೆ ಶುರುಮಾಡಿದರು. ಯಾರದೋ ಮದುವೆ, ಯಾರದೋ ದೋಣಿ, ಮಾರಿದ ಹೊಲ. ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ನಮ್ಮಿಬ್ಬರ ಬಾಯಿಂದಲೂ ದೂಸೂರ್ ಅವರ ಹೆಸರು ಬರಲಿಲ್ಲ.

ಹೊರಡುವಾಗ ಅವರಿಗೆ ಆ ಸೋರೆಬುರುಡೆ ಕಾಣಿಸಿತು. "ಎಳ್ಳು ಯಾರಮ್ಮ ಇಟ್ಟಿದ್ದು?" ಎಂದು ಕೇಳಿದರು. ನಾವೇ ಅಂದೆ. ಅವರು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು.

"ನಿಮ್ಗೆ ಹೆಂಗ್ ಗೊತ್ತಾಯ್ತು? ನಮ್ಮಣ್ಣಂಗೆ ಎಳ್ಳು ಅಂದ್ರೆ ಪ್ರಾಣ" ಅಂದರು.

ಚಿನ್ವೆಂಡು